ಪಾಠದ ಕೋಣೆಯಿಂದ ರೋಗಿಯ ಹಾಸಿಗೆಯವರೆಗೆ: ಕಿರು ತರಬೇತಿಯ ದಾದಿಯರ ಚರಿತ್ರೆ



ಪ್ರತಿ ವರ್ಷ ಎಸ್ಸೆಸ್ಸೆಲ್ಸಿ ಮತ್ತು ಪಿಯುಸಿ ಫಲಿತಾಂಶ ಪ್ರಕಟವಾದ ಬಳಿಕ ನಮ್ಮ ಮನೆಗಳಲ್ಲಿ ಒಂದೇ ಚರ್ಚೆ: ಮಗಳನ್ನು ಮುಂದೆ ಏನು ಓದಿಸುವುದು? ಡಾಕ್ಟರಿಕೆಗೆ ಅಂಕ ಸಾಲದು, ಅಂಕವಿದ್ದರೂ ಹಣ ಸಾಲದು. ಆಗ ಯಾರಾದರೂ ನರ್ಸಿಂಗ್ ಎಂಬ ಮಾತೆತ್ತಿದರೆ ಹಿರಿಯರೊಬ್ಬರು, "ಅದು ನಮ್ಮ ಹೆಣ್ಣುಮಕ್ಕಳಿಗೆ ಹೇಳಿಸಿದ ಕೆಲಸವಲ್ಲ" ಎನ್ನುತ್ತಾರೆ. ಇನ್ನೊಬ್ಬರು, "ಒಂದೆರಡು ವರ್ಷದ ಕೋರ್ಸು, ಅದೂ ಒಂದು ವಿದ್ಯೆಯೇ?" ಎಂದು ಕೇಳುತ್ತಾರೆ. ಮಾತು ಅಲ್ಲಿಗೇ ನಿಲ್ಲುತ್ತದೆ. ಹುಡುಗಿಯ ಓದೂ ಕೆಲವೊಮ್ಮೆ ಅಲ್ಲಿಗೇ ನಿಲ್ಲುತ್ತದೆ.

ಈ ಎರಡು ಮಾತುಗಳಿಗೂ ಚರಿತ್ರೆಯಲ್ಲಿ ಉತ್ತರವಿದೆ. ಮೊದಲನೆಯದಕ್ಕೆ ನಮ್ಮ ಸ್ವಂತ ಚರಿತ್ರೆಯೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಅಮೆರಿಕ, ಬ್ರಿಟನ್ ಮತ್ತು ಭಾರತ ಈ ಮೂರು ದೇಶಗಳಲ್ಲಿ ಕಿರು ತರಬೇತಿ ಪಡೆದ ದಾದಿಯರ ಕಥೆ ಉತ್ತರ ನೀಡುತ್ತದೆ. ಅಮೆರಿಕದಲ್ಲಿ ಅವರನ್ನು ಪ್ರಾಕ್ಟಿಕಲ್ ನರ್ಸ್ ಎಂದು ಕರೆದರು. ಬ್ರಿಟನ್ನಿನಲ್ಲಿ ಎನ್‌ರೋಲ್ಡ್ ನರ್ಸ್ ಎಂದರು. ನಮ್ಮಲ್ಲಿ ಅವರು ಎಎನ್‌ಎಂ, ಅಂದರೆ ಆಕ್ಸಿಲಿಯರಿ ನರ್ಸ್ ಮಿಡ್‌ವೈಫ್. ನಿಮ್ಮ ಊರಿನ ಉಪಕೇಂದ್ರದಲ್ಲಿ ಮಕ್ಕಳಿಗೆ ಚುಚ್ಚುಮದ್ದು ಹಾಕುವ, ಬಸುರಿಯರ ರಕ್ತದೊತ್ತಡ ನೋಡುವ ಸಿಸ್ಟರ್ ಅವರೇ. ಮೂವರ ಕೆಲಸವೂ ಒಂದೇ ಅಲ್ಲ. ಆದರೆ ಮೂವರೂ ಪೂರ್ಣಾವಧಿಯ ನರ್ಸಿಂಗ್ ಓದಿಗಿಂತ ಚಿಕ್ಕದಾದ ಒಂದು ಬಾಗಿಲಿನಿಂದ ಆಸ್ಪತ್ರೆಯ ಒಳಗೆ ಬಂದವರು. ಆ ಬಾಗಿಲು ಯಾವಾಗ ಒಳ್ಳೆಯದಾಯಿತು, ಯಾವಾಗ ಮೋಸವಾಯಿತು ಎಂಬುದನ್ನು ನೋಡೋಣ.

ಮದೀನಾದ ಗುಡಾರ

ಹಿಜ್‌ರಿ 5ನೇ ವರ್ಷ, ಅಂದರೆ ಕ್ರಿ.ಶ. 627ರಲ್ಲಿ, ಮದೀನಾ ನಗರದ ಸುತ್ತ ಕಂದಕ ತೋಡಿ ನಡೆದ ಯುದ್ಧದಲ್ಲಿ ಸಅದ್ ಬಿನ್ ಮುಆದ್ (ರ) ಅವರಿಗೆ ಬಾಣ ತಗಲಿತು. ಅವರನ್ನು ಅಸ್ಲಮ್ ಗೋತ್ರದ ರುಫೈದಾ ಎಂಬ ಮಹಿಳೆಯ ಗುಡಾರಕ್ಕೆ ಒಯ್ಯಲಾಯಿತು. ಆ ಗುಡಾರ ಇದ್ದದ್ದು ಎಲ್ಲಿ? ಪ್ರವಾದಿ(ಸ)ಯವರ ಮಸೀದಿಯಲ್ಲೇ. ಗಾಯಗೊಂಡವರ ಆರೈಕೆ ಆಕೆಯ ಕೆಲಸವಾಗಿತ್ತೆಂದು ಪ್ರವಾದಿ ಚರಿತ್ರೆಯ ಆರಂಭಕಾಲದ ಗ್ರಂಥಕಾರರು ದಾಖಲಿಸಿದ್ದಾರೆ. ಉಮ್ಮು ಅತಿಯ್ಯ (ರ) ಅವರು ಏಳು ದಂಡಯಾತ್ರೆಗಳಲ್ಲಿ ಭಾಗವಹಿಸಿ, ಅಡುಗೆ ಮಾಡಿ, ಗಾಯಾಳುಗಳಿಗೆ ಚಿಕಿತ್ಸೆ ನೀಡಿ, ರೋಗಿಗಳನ್ನು ನೋಡಿಕೊಂಡ ವಿಷಯ ಹದೀಸ್ ಗ್ರಂಥಗಳಲ್ಲಿದೆ. ರುಬಯ್ಯಿಅ್ ಬಿಂತ್ ಮುಅವ್ವಿದ್ (ರ) ಅವರ ಬಗ್ಗೆಯೂ ಇಂತಹುದೇ ವರದಿಯಿದೆ.

ಮುಂದಿನ ಶತಮಾನಗಳಲ್ಲಿ ಮುಸ್ಲಿಂ ನಗರಗಳಲ್ಲಿ ಬೀಮಾರಿಸ್ತಾನ್ ಎಂದು ಕರೆಯಲಾದ ಆಸ್ಪತ್ರೆಗಳು ಬೆಳೆದವು. ಡಮಾಸ್ಕಸ್‌ನಲ್ಲಿ ನೂರುದ್ದೀನ್ ಝಂಗಿ 1154ರಲ್ಲಿ ಕಟ್ಟಿಸಿದ ಆಸ್ಪತ್ರೆಯೂ, ಕೈರೋದಲ್ಲಿ ಸುಲ್ತಾನ್ ಕಲಾವೂನ್ 1284ರಲ್ಲಿ ಸ್ಥಾಪಿಸಿದ ಆಸ್ಪತ್ರೆಯೂ ಇವುಗಳಲ್ಲಿ ಪ್ರಸಿದ್ಧವಾದವು. ಕೈರೋದ ಆಸ್ಪತ್ರೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಬೇರೆ ಬೇರೆ ವಾರ್ಡುಗಳಿದ್ದವು, ಅವರನ್ನು ನೋಡಿಕೊಳ್ಳಲು ಪುರುಷ ಮತ್ತು ಮಹಿಳಾ ಸೇವಕರಿದ್ದರು. ಅವರ ಸಂಬಳ ವಕ್ಫ್ ಆದಾಯದಿಂದ ನಡೆಯುತ್ತಿತ್ತು. ಡಮಾಸ್ಕಸ್‌ನ ಆಸ್ಪತ್ರೆಯಲ್ಲಿ ಮುಖ್ಯ ವೈದ್ಯರು ಮೊದಲು ರೋಗಿಗಳ ಹಾಸಿಗೆಗಳ ಬಳಿಗೆ ಹೋಗಿ ನೋಡಿ, ಬಳಿಕ ದೊಡ್ಡ ಹಜಾರದಲ್ಲಿ ಕುಳಿತು ಮೂರು ಗಂಟೆಗಳಷ್ಟು ಕಾಲ ಶಿಷ್ಯರಿಗೆ ಪಾಠ ಹೇಳುತ್ತಿದ್ದರೆಂದು 13ನೇ ಶತಮಾನದ ಇತಿಹಾಸಕಾರ ಇಬ್ನ್ ಅಬೀ ಉಸೈಬಿಆ ಬರೆದಿದ್ದಾರೆ. ಆ ಪಾಠ ವೈದ್ಯ ವಿದ್ಯಾರ್ಥಿಗಳದ್ದು, ದಾದಿಯರದ್ದಲ್ಲ. ಆದರೂ ಒಂದು ವಿಷಯವನ್ನು ಇಲ್ಲಿ ಗಮನಿಸಿ. ರೋಗಿಯ ಬಳಿ ನೋಡಿದ್ದನ್ನು ಗ್ರಂಥದ ಜೊತೆ ಹೊಂದಿಸಿ ಕಲಿಯುವುದು ಎಂಬ ಕ್ರಮ ನಮಗೆ ಹೊರಗಿನದ್ದಲ್ಲ. ದಾದಿಯರ ತರಬೇತಿಯ ಇಡೀ ಚರಿತ್ರೆ ಈ ಹೊಂದಿಕೆಯ ಸುತ್ತಲೇ ನಡೆದಿದೆ.

1860: ವಾರ್ಡೇ ಶಾಲೆಯಾದಾಗ

ಹತ್ತೊಂಬತ್ತನೇ ಶತಮಾನದ ಮಧ್ಯದವರೆಗೆ ಯುರೋಪಿನ ಬಹುತೇಕ ಆಸ್ಪತ್ರೆಗಳಲ್ಲಿ ದಾದಿಗೆ ಪಾಠವೂ ಇರಲಿಲ್ಲ, ಪರೀಕ್ಷೆಯೂ ಇರಲಿಲ್ಲ. ನೆಲ ಒರೆಸುವವಳೇ ಗಾಯ ಕಟ್ಟುವವಳಾಗಿದ್ದಳು. ಕೆಲವು ಕ್ರೈಸ್ತ ಸಂನ್ಯಾಸಿನಿ ಸಂಘಗಳು ಇದಕ್ಕೆ ಅಪವಾದ. 1836ರಲ್ಲಿ ಜರ್ಮನಿಯ ಕೈಸರ್ಸ್‌ವರ್ತ್ ಎಂಬ ಊರಿನಲ್ಲಿ ಥಿಯೋಡರ್ ಫ್ಲೀಡ್ನರ್ ಎಂಬ ಪಾದ್ರಿ ಮಹಿಳೆಯರಿಗೆ ಶುಶ್ರೂಷೆ ಕಲಿಸುವ ಸಂಸ್ಥೆಯೊಂದನ್ನು ತೆರೆದರು. 1851ರಲ್ಲಿ ಫ್ಲಾರೆನ್ಸ್ ನೈಟಿಂಗೇಲ್ ಅಲ್ಲಿ ಸುಮಾರು ಮೂರು ತಿಂಗಳು ತರಬೇತಿ ಪಡೆದರು. ಜಗತ್ತು ಕೊಂಡಾಡುವ ಈ ದಾದಿಯ ತರಬೇತಿಯೂ ಕಿರು ತರಬೇತಿಯೇ ಆಗಿತ್ತು!

1854ರ ನವೆಂಬರಿನಲ್ಲಿ ಅವರು 38 ದಾದಿಯರೊಂದಿಗೆ ಇಸ್ತಾಂಬುಲ್ ನಗರದ ಉಸ್ಕುದಾರ್ ಭಾಗಕ್ಕೆ ಬಂದಿಳಿದರು. ಕ್ರಿಮಿಯಾ ಯುದ್ಧದಲ್ಲಿ ಉಸ್ಮಾನಿ ತುರ್ಕಿ ಮತ್ತು ಬ್ರಿಟನ್ ಒಂದೇ ಪಕ್ಷದಲ್ಲಿದ್ದವು. ಸುಲ್ತಾನರ ಸೆಲೀಮಿಯೆ ಸೇನಾ ವಸತಿಯೇ ಬ್ರಿಟಿಷ್ ಆಸ್ಪತ್ರೆಯಾಗಿತ್ತು. ಆ ಚಳಿಗಾಲದಲ್ಲಿ ಅಲ್ಲಿ ಸೈನಿಕರು ಗಾಯಗಳಿಗಿಂತ ಹೆಚ್ಚಾಗಿ ಕಾಲರಾ, ಆಮಶಂಕೆ, ವಿಷಮಶೀತ ಜ್ವರಗಳಿಂದ ಸತ್ತರು. 1855ರ ಮಾರ್ಚ್ ತಿಂಗಳಲ್ಲಿ ನೈರ್ಮಲ್ಯ ಆಯೋಗ ಬಂದು ಚರಂಡಿ, ನೀರು, ಗಾಳಿಯ ವ್ಯವಸ್ಥೆ ಸರಿಪಡಿಸಿದ ಬಳಿಕ ಸಾವಿನ ಪ್ರಮಾಣ ತೀವ್ರವಾಗಿ ಇಳಿಯಿತು. ಒಳ್ಳೆಯ ಮನಸ್ಸೊಂದೇ ಸಾಲದು, ರೋಗ ಏಕೆ ಹರಡುತ್ತದೆ ಎಂಬ ತಿಳಿವಳಿಕೆಯೂ ಬೇಕು ಎಂಬ ಪಾಠವನ್ನು ನೈಟಿಂಗೇಲ್ ಅಲ್ಲಿಂದ ಕಲಿತು ಹೋದರು.

1860ರ ಜುಲೈ ತಿಂಗಳಲ್ಲಿ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಅವರ ಹೆಸರಿನ ಶಾಲೆ ಆರಂಭವಾಯಿತು. ಮೊದಲ ತಂಡದಲ್ಲಿದ್ದವರು 15 ಮಂದಿ. ತರಬೇತಿ ಒಂದು ವರ್ಷ. ಊಟ, ವಸತಿ ಉಚಿತ, ಜೊತೆಗೆ ವರ್ಷಕ್ಕೆ 10 ಪೌಂಡ್ ಭತ್ಯೆ. ವಾರ್ಡಿನ ಹಿರಿಯ ಸಿಸ್ಟರ್ ಕೈಹಿಡಿದು ಕೆಲಸ ಕಲಿಸಬೇಕು, ವೈದ್ಯರು ಉಪನ್ಯಾಸ ನೀಡಬೇಕು, ಪ್ರತಿಯೊಬ್ಬ ವಿದ್ಯಾರ್ಥಿನಿಯ ಕೆಲಸವನ್ನೂ ನಡತೆಯನ್ನೂ ದಾಖಲಿಸಬೇಕು ಎಂಬುದು ನಿಯಮ. ಆಧುನಿಕ ನರ್ಸಿಂಗ್ ಶಿಕ್ಷಣದ ಅಡಿಪಾಯ ಇದೇ: ತರಗತಿಯ ಪಾಠ, ವಾರ್ಡಿನ ಅಭ್ಯಾಸ, ಮೇಲ್ವಿಚಾರಣೆ ಮತ್ತು ದಾಖಲೆ.

ಆದರೆ ಈ ಪದ್ಧತಿಯಲ್ಲಿ ಒಂದು ಕೊರತೆಯೂ ಇತ್ತು. ಮುಂದೆ ಇದನ್ನು ಅನುಕರಿಸಿದ ನೂರಾರು ಆಸ್ಪತ್ರೆಗಳು ವಿದ್ಯಾರ್ಥಿನಿಯರನ್ನು ಅಗ್ಗದ ಕೆಲಸಗಾರರಂತೆ ದುಡಿಸಿಕೊಂಡವು. ಹಗಲಿಡೀ ವಾರ್ಡಿನಲ್ಲಿ ದುಡಿದು ರಾತ್ರಿ ಪಾಠಕ್ಕೆ ಕುಳಿತರೆ ತಲೆಗೆ ಹತ್ತುವುದೇನು? ಕಲಿಯಲು ಬಂದವಳು ಮತ್ತು ದುಡಿಯಲು ಬಂದವಳು, ಈ ಎರಡರ ನಡುವಿನ ಗೆರೆ ಅಳಿಸಿಹೋಗುವ ಅಪಾಯ ಅಂದೂ ಇತ್ತು, ಇಂದೂ ಇದೆ.

ಉಸ್ಕುದಾರ್‌ನ ಊರಿನಲ್ಲಿ

ನೈಟಿಂಗೇಲ್ ಮರಳಿ ಹೋಗಿ ಅರ್ಧ ಶತಮಾನ ಕಳೆದ ಮೇಲೆ ಅದೇ ಇಸ್ತಾಂಬುಲ್‌ನಲ್ಲಿ ಮುಸ್ಲಿಂ ಮಹಿಳೆಯರಿಗೆ ಶುಶ್ರೂಷಾ ತರಗತಿಗಳು ಆರಂಭವಾದವು. ಬೆಸಿಮ್ ಉಮರ್ ಪಾಷಾ ಎಂಬ ಪ್ರಸೂತಿ ತಜ್ಞರು ಮೊದಲ ಮಹಾಯುದ್ಧಕ್ಕೆ ಮುನ್ನ ಹಿಲಾಲೆ ಅಹ್ಮರ್, ಅಂದರೆ ರೆಡ್ ಕ್ರೆಸೆಂಟ್ ಸಂಸ್ಥೆಯ ಮೂಲಕ ಇದಕ್ಕಾಗಿ ಶ್ರಮಿಸಿದರು. ಗೌರವಸ್ಥ ಮನೆತನದ ಹೆಣ್ಣುಮಕ್ಕಳು ಪರಪುರುಷರ ಆರೈಕೆ ಮಾಡುವುದೇ ಎಂಬ ಪ್ರಶ್ನೆ ಅಲ್ಲಿಯೂ ಎದ್ದಿತ್ತು. ಬಾಲ್ಕನ್ ಯುದ್ಧಗಳಲ್ಲಿ ಗಾಯಾಳುಗಳು ಸಾವಿರಾರು ಸಂಖ್ಯೆಯಲ್ಲಿ ಬಂದಾಗ ಆ ಪ್ರಶ್ನೆ ತಾನಾಗಿ ಹಿಂದೆ ಸರಿಯಿತು. ಆ ಕಾಲದ ದಾದಿಯರಲ್ಲಿ ಸಫಿಯೆ ಹುಸೇನ್ ಅವರ ಹೆಸರು ಪ್ರಸಿದ್ಧ. 1915ರ ಗಲಿಪೋಲಿ ಯುದ್ಧದಲ್ಲಿ ಅವರು ರಶೀದ್ ಪಾಷಾ ಎಂಬ ಆಸ್ಪತ್ರೆ ಹಡಗಿನಲ್ಲಿ ಗಾಯಾಳುಗಳ ಆರೈಕೆ ಮಾಡಿದರು. ಮುಂದೆ ಅಂತಾರಾಷ್ಟ್ರೀಯ ರೆಡ್ ಕ್ರಾಸ್ ನೀಡುವ ಫ್ಲಾರೆನ್ಸ್ ನೈಟಿಂಗೇಲ್ ಪದಕವೂ ಅವರಿಗೆ ದೊರಕಿತು.

ನಮ್ಮ ದೇಶದಲ್ಲೂ 1901ರಿಂದ 1926ರವರೆಗೆ ಭೋಪಾಲ್ ಸಂಸ್ಥಾನವನ್ನು ಆಳಿದ ಸುಲ್ತಾನ್ ಜಹಾನ್ ಬೇಗಂ ಅವರು ಮಹಿಳಾ ಆಸ್ಪತ್ರೆಗೂ, ಸೂಲಗಿತ್ತಿಯರ ಹಾಗೂ ದಾದಿಯರ ತರಬೇತಿಗೂ ವಿಶೇಷ ಗಮನ ಕೊಟ್ಟರು. ಪರ್ದಾ ಪಾಲಿಸುತ್ತಿದ್ದ ಬೇಗಂ ಅವರಿಗೆ ಹೆಣ್ಣಿನ ಆರೈಕೆ ಹೆಣ್ಣಿನ ಕೈಯಿಂದಲೇ ಆಗಬೇಕಾದರೆ ಹೆಣ್ಣು ಕಲಿಯಲೇಬೇಕು ಎಂಬುದು ಸ್ಪಷ್ಟವಿತ್ತು. ನಮ್ಮ ಮನೆಯ ಹೆಂಗಸರನ್ನು ಮಹಿಳಾ ಸಿಸ್ಟರೇ ನೋಡಬೇಕು ಎಂದು ಬಯಸುವ ನಾವು, ನಮ್ಮ ಮಗಳು ಸಿಸ್ಟರ್ ಆಗಬಾರದು ಎನ್ನುವುದು ಹೇಗೆ ಸರಿಯಾದೀತು?

ನ್ಯೂಯಾರ್ಕಿನ ಮೂರು ತಿಂಗಳ ಕೋರ್ಸು

ಈಗ ಎರಡನೆಯ ಮಾತಿಗೆ ಬರೋಣ: ಕಿರು ಕೋರ್ಸು ಒಂದು ವಿದ್ಯೆಯೇ?

ಅಮೆರಿಕದಲ್ಲಿ 1873ರಿಂದ ತರಬೇತಿ ಪಡೆದ ದಾದಿಯರು ಹೊರಬರತೊಡಗಿದರು. 1903ರಲ್ಲಿ ನಾರ್ತ್ ಕೆರೊಲಿನಾ ರಾಜ್ಯ ದಾದಿಯರ ನೋಂದಣಿಗೆ ಕಾನೂನು ಮಾಡಿತು. ಅವರು ರಿಜಿಸ್ಟರ್ಡ್ ನರ್ಸ್ ಎನಿಸಿಕೊಂಡರು, ಅವರ ಓದು ಮೂರು ವರ್ಷಗಳಿಗೆ ಬೆಳೆಯಿತು. ಆದರೆ ಆಸ್ಪತ್ರೆಗೆ ಹೋಗದೆ ಮನೆಯಲ್ಲೇ ಮಲಗಿದ್ದ ವೃದ್ಧರು, ದೀರ್ಘ ಕಾಲದ ರೋಗಿಗಳು, ಬಾಣಂತಿಯರು ಮತ್ತು ಎಳೆಮಕ್ಕಳನ್ನು ನೋಡುವವರು ಯಾರು? ಅಂಥ ಕೆಲಸವನ್ನು ಅನುಭವದ ಬಲದಿಂದ ಮಾಡುತ್ತಿದ್ದ ಹೆಂಗಸರು ಊರೂರುಗಳಲ್ಲಿದ್ದರು. ಅವರಿಗೆ ಪಾಠವಿರಲಿಲ್ಲ.

ನ್ಯೂಯಾರ್ಕಿನ ವೈಡಬ್ಲ್ಯುಸಿಎ ಎಂಬ ಮಹಿಳಾ ಸಂಸ್ಥೆ 1892ರಲ್ಲಿ ಬ್ಯಾಲಾರ್ಡ್ ಶಾಲೆಯಲ್ಲಿ ಇಂಥ ಮಹಿಳೆಯರಿಗಾಗಿ ಸುಮಾರು ಮೂರು ತಿಂಗಳ ಕೋರ್ಸು ಆರಂಭಿಸಿತು. ಮನೆಯಲ್ಲಿರುವ ರೋಗಿಗಳ, ವೃದ್ಧರ, ಮಕ್ಕಳ ಸರಳ ಆರೈಕೆ ಹಾಗೂ ಪಥ್ಯದ ಅಡುಗೆ ಅದರಲ್ಲಿದ್ದ ವಿಷಯಗಳು. ಅಮೆರಿಕದ ಪ್ರಾಕ್ಟಿಕಲ್ ನರ್ಸಿಂಗ್ ಶಿಕ್ಷಣದ ಆರಂಭ ಇದೇ ಎಂದು ಹೇಳಲಾಗುತ್ತದೆ. 1907ರಲ್ಲಿ ವರ್ಮಾಂಟ್ ರಾಜ್ಯದ ಬ್ರಾಟಲ್‌ಬರೋ ಊರಿನಲ್ಲಿ, 1918ರಲ್ಲಿ ಬಾಸ್ಟನ್ನಿನಲ್ಲಿ ಇಂಥದೇ ಶಾಲೆಗಳು ಹುಟ್ಟಿದವು. ಬಡ ಹೆಣ್ಣುಮಕ್ಕಳಿಗೆ, ವಿಧವೆಯರಿಗೆ, ಮೂರು ವರ್ಷ ಓದಲು ಸಾಧ್ಯವಿಲ್ಲದವರಿಗೆ ಇದೊಂದು ಬಾಗಿಲಾಯಿತು.

ಬಾಗಿಲು ತೆರೆಯಿತು ನಿಜ, ಆದರೆ ಕಾವಲಿರಲಿಲ್ಲ. ಹೆಚ್ಚಿನ ರಾಜ್ಯಗಳಲ್ಲಿ ಯಾರು ಬೇಕಾದರೂ ತಮ್ಮನ್ನು ಪ್ರಾಕ್ಟಿಕಲ್ ನರ್ಸ್ ಎಂದು ಕರೆದುಕೊಳ್ಳಬಹುದಿತ್ತು. 1914ರಲ್ಲಿ ಮಿಸಿಸಿಪ್ಪಿ ರಾಜ್ಯ ಇವರಿಗೆ ಮೊದಲ ಬಾರಿ ಪರವಾನಗಿ ಕಾನೂನು ಮಾಡಿತು. 1938ರಲ್ಲಿ ನ್ಯೂಯಾರ್ಕ್ ಪರವಾನಗಿಯನ್ನು ಕಡ್ಡಾಯಗೊಳಿಸುವ ಕಾನೂನು ತಂದಿತು. 1941ರಲ್ಲಿ ಪ್ರಾಕ್ಟಿಕಲ್ ನರ್ಸ್ ಶಿಕ್ಷಣಕ್ಕಾಗಿಯೇ ಒಂದು ರಾಷ್ಟ್ರೀಯ ಸಂಘ ಸ್ಥಾಪನೆಯಾಯಿತು. ಎರಡನೇ ಮಹಾಯುದ್ಧದಲ್ಲಿ ನೋಂದಾಯಿತ ದಾದಿಯರು ಸೈನ್ಯಕ್ಕೆ ಹೋದಾಗ ಊರಿನ ಆಸ್ಪತ್ರೆಗಳು ಬರಿದಾದವು, ಪ್ರಾಕ್ಟಿಕಲ್ ನರ್ಸುಗಳು ಮನೆಗಳಿಂದ ವಾರ್ಡುಗಳಿಗೆ ಬಂದರು. 1955ರ ಹೊತ್ತಿಗೆ ಎಲ್ಲ ರಾಜ್ಯಗಳಲ್ಲೂ ಪರವಾನಗಿ ಕಾನೂನು ಬಂದಿತ್ತು. ಮೂರು ತಿಂಗಳ ಕೋರ್ಸು ಸುಮಾರು ಒಂದು ವರ್ಷದ್ದಾಗಿತ್ತು.

ಇಂದು ಅಮೆರಿಕದಲ್ಲಿ ಆರು ಲಕ್ಷಕ್ಕೂ ಹೆಚ್ಚು ಮಂದಿ ಈ ವೃತ್ತಿಯಲ್ಲಿದ್ದಾರೆ. ಕ್ಯಾಲಿಫೋರ್ನಿಯಾ ಮತ್ತು ಟೆಕ್ಸಾಸ್‌ನಲ್ಲಿ ಅವರನ್ನು ವೊಕೇಶನಲ್ ನರ್ಸ್ ಎನ್ನುತ್ತಾರೆ. ಕೋರ್ಸು ಮುಗಿಸಿದವರೆಲ್ಲರೂ ದೇಶಕ್ಕೆಲ್ಲ ಒಂದೇ ಆದ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಆ ಬಳಿಕವೂ ಅವರು ವೈದ್ಯರ ಅಥವಾ ನೋಂದಾಯಿತ ದಾದಿಯರ ನಿರ್ದೇಶನದಲ್ಲಿ ಕೆಲಸ ಮಾಡುತ್ತಾರೆ.

ಒಂದು ಮಾತ್ರೆಯ ಹಿಂದಿನ ಪಾಠ

ಪ್ರಿಯ ವಿದ್ಯಾರ್ಥಿಗಳೇ, ಒಂದು ವರ್ಷದಲ್ಲಿ ಏನು ಕಲಿಸಲು ಸಾಧ್ಯ ಎಂದು ನೀವು ಕೇಳಬಹುದು. ಈ ಕೋರ್ಸಿನಲ್ಲಿ ಮೂರು ಹಂತಗಳಿವೆ. ತರಗತಿಯಲ್ಲಿ ದೇಹರಚನೆ, ದೇಹದ ಕ್ರಿಯೆ, ಔಷಧಿಗಳ ಪರಿಚಯ, ಆಹಾರ, ವಯಸ್ಕರ, ತಾಯಂದಿರ ಮತ್ತು ಮಕ್ಕಳ ಶುಶ್ರೂಷೆ, ಮಾನಸಿಕ ಆರೋಗ್ಯ, ವೃತ್ತಿಯ ಕಾನೂನು ಮತ್ತು ನೀತಿ. ಎರಡನೆಯದು ಅಭ್ಯಾಸದ ಕೋಣೆ. ಅಲ್ಲಿ ಬೊಂಬೆಯ ಮೇಲೆ ಕೈ ಪಳಗಬೇಕು: ಕೈ ತೊಳೆಯುವ ಕ್ರಮ, ರೋಗಿ ಮಲಗಿರುವಾಗಲೇ ಹಾಸಿಗೆ ಬದಲಿಸುವುದು, ನಾಡಿ ಮತ್ತು ಉಸಿರು ಎಣಿಸುವುದು, ಗಾಯ ಕಟ್ಟುವುದು, ಚುಚ್ಚುಮದ್ದು. ಮೂರನೆಯದು ಆಸ್ಪತ್ರೆ ಹಾಗೂ ವೃದ್ಧರ ಆರೈಕೆ ಕೇಂದ್ರ. ಅಲ್ಲಿ ನಿಜವಾದ ರೋಗಿ, ಪಕ್ಕದಲ್ಲಿ ನಿಂತು ನೋಡುವ ಶಿಕ್ಷಕಿ.

ಒಂದು ಸಣ್ಣ ಉದಾಹರಣೆ ನೋಡಿ. ರೋಗಿಗೆ ಒಂದು ಮಾತ್ರೆ ಕೊಡಬೇಕು. ಸರಿಯಾದ ರೋಗಿ, ಸರಿಯಾದ ಔಷಧಿ, ಸರಿಯಾದ ಪ್ರಮಾಣ, ಸರಿಯಾದ ಮಾರ್ಗ, ಸರಿಯಾದ ಸಮಯ ಎಂಬ ಐದು ಅಂಶಗಳನ್ನು ತಾಳೆ ನೋಡಬೇಕೆಂದು ತರಗತಿಯಲ್ಲಿ ಬಾಯಿಪಾಠ ಮಾಡಿಸುತ್ತಾರೆ. ವಾರ್ಡಿನಲ್ಲಿ ಒಂದೇ ಹೆಸರಿನ ಇಬ್ಬರು ರೋಗಿಗಳು ಅಕ್ಕಪಕ್ಕ ಮಲಗಿರುತ್ತಾರೆ. ನೀವು ಹೆಸರು ಕರೆದರೆ ಕಿವಿ ಕೇಳಿಸದ ಮುದುಕಿ ತನ್ನದಲ್ಲದ ಹೆಸರಿಗೂ ಹೂಂ ಎನ್ನುತ್ತಾಳೆ. ಆಗ ಆ ಐದು ಅಂಶಗಳ ಅರ್ಥವಾಗುತ್ತದೆ. ಪಾಠ ತಿಳಿಯದವಳಿಗೆ ಅಲ್ಲಿ ಅಪಾಯವಿದೆಯೆಂದೇ ಗೊತ್ತಾಗುವುದಿಲ್ಲ. ವಾರ್ಡು ನೋಡದವಳಿಗೆ ಗೊತ್ತಿದ್ದರೂ ಆ ಹೊತ್ತಿಗೆ ನೆನಪಾಗುವುದಿಲ್ಲ.

ಇನ್ನೊಂದು ಉದಾಹರಣೆ. ಏಳಲಾಗದ ರೋಗಿಯನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಮಲಗಿಸುವುದು ನೋಡುವವರಿಗೆ ಕೂಲಿಯ ಕೆಲಸದಂತೆ ಕಾಣುತ್ತದೆ. ಮೂಳೆಯ ಮೇಲಿನ ಚರ್ಮಕ್ಕೆ ಒತ್ತಡ ಬಿದ್ದು ರಕ್ತ ಸಂಚಾರ ನಿಂತರೆ ಆ ಭಾಗ ಸತ್ತು ಹುಣ್ಣಾಗುತ್ತದೆ, ಹುಣ್ಣು ನಂಜಾದರೆ ಜೀವಕ್ಕೇ ಕುತ್ತು ಎಂಬುದು ತಿಳಿದಾಗ ಅದೇ ಕೆಲಸ ಚಿಕಿತ್ಸೆಯಾಗುತ್ತದೆ. ಬೆನ್ನಿನ ಕೆಳಭಾಗದಲ್ಲೋ ಹಿಮ್ಮಡಿಯಲ್ಲೋ ಮೊದಲು ಕಾಣುವ ಬಣ್ಣದ ಬದಲಾವಣೆಯನ್ನು ಗುರುತಿಸುವವಳು, ಅದನ್ನು ಬರೆದಿಡುವವಳು ಈ ದಾದಿಯೇ. ಇದು ಕಿರು ಕೋರ್ಸು ಇರಬಹುದು, ಕೀಳು ಕೋರ್ಸಲ್ಲ.

ಬ್ರಿಟನ್ ಕಲಿಸಿದ ಕಹಿ ಪಾಠ

ಆದರೆ ಚರಿತ್ರೆ ಸಿಹಿಯನ್ನೇ ಬಡಿಸುವುದಿಲ್ಲ. ಬ್ರಿಟನ್ 1919ರಲ್ಲಿ ದಾದಿಯರ ನೋಂದಣಿ ಕಾಯ್ದೆ ಮಾಡಿತು. 1943ರಲ್ಲಿ ಇನ್ನೊಂದು ಕಾಯ್ದೆ ತಂದು ಎರಡನೇ ದರ್ಜೆಯ ದಾದಿಯರಿಗೆ ಬೇರೆಯೇ ಪಟ್ಟಿ ತೆರೆಯಿತು. ಎರಡು ವರ್ಷದ ತರಬೇತಿ ಪಡೆದ ಇವರು ಮುಂದೆ ಸ್ಟೇಟ್ ಎನ್‌ರೋಲ್ಡ್ ನರ್ಸ್ ಎನಿಸಿಕೊಂಡರು. ಮೂರು ವರ್ಷದವರು ರಿಜಿಸ್ಟರ್ಡ್ ನರ್ಸ್.

1950 ಮತ್ತು 60ರ ದಶಕಗಳಲ್ಲಿ ವೆಸ್ಟ್ ಇಂಡೀಸ್, ಆಫ್ರಿಕಾ ಮತ್ತು ಏಷ್ಯಾದಿಂದ ಸಾವಿರಾರು ಯುವತಿಯರು ದಾದಿಯರಾಗಲೆಂದು ಬ್ರಿಟನ್ನಿಗೆ ಹೋದರು. ಅವರಲ್ಲಿ ಅನೇಕರನ್ನು, ಮೂರು ವರ್ಷದ ಕೋರ್ಸಿಗೆ ಅರ್ಹತೆ ಇದ್ದವರನ್ನೂ, ಎರಡು ವರ್ಷದ ಕೋರ್ಸಿಗೆ ಸೇರಿಸಲಾಯಿತು. ಎರಡರ ನಡುವಿನ ವ್ಯತ್ಯಾಸವನ್ನು ಅವರಿಗೆ ಸರಿಯಾಗಿ ತಿಳಿಸಿರಲಿಲ್ಲ. ಎನ್‌ರೋಲ್ಡ್ ಅರ್ಹತೆಗೆ ತಮ್ಮ ದೇಶದಲ್ಲಿ ಮಾನ್ಯತೆಯಿಲ್ಲ, ಬ್ರಿಟನ್ನಿನಲ್ಲಿ ಬಡ್ತಿಯೂ ಇಲ್ಲ ಎಂಬುದು ಹಲವರಿಗೆ ಕೋರ್ಸು ಮುಗಿದ ಮೇಲೆಯೇ ಗೊತ್ತಾಯಿತು. ವಾರ್ಡಿನಲ್ಲಿ ರಿಜಿಸ್ಟರ್ಡ್ ನರ್ಸಿನಷ್ಟೇ ದುಡಿದರೂ ಸಂಬಳ ಕಡಿಮೆ, ಹೊಣೆ ಹೆಚ್ಚು. 1980ರ ದಶಕದ ಕೊನೆಯಲ್ಲಿ ನರ್ಸಿಂಗ್ ಶಿಕ್ಷಣದ ದೊಡ್ಡ ಸುಧಾರಣೆಯೊಂದಿಗೆ ಎನ್‌ರೋಲ್ಡ್ ತರಬೇತಿಯನ್ನು ಹಂತ ಹಂತವಾಗಿ ನಿಲ್ಲಿಸಲಾಯಿತು. ಇದ್ದವರಿಗೆ ಸೇತುವೆ ಕೋರ್ಸುಗಳ ಮೂಲಕ ರಿಜಿಸ್ಟರ್ಡ್ ನರ್ಸ್ ಆಗುವ ಅವಕಾಶ ಕೊಡಲಾಯಿತು. ಮೂರು ದಶಕಗಳ ಬಳಿಕ, 2019ರಿಂದ, ಇಂಗ್ಲೆಂಡ್ ಮತ್ತೆ ನರ್ಸಿಂಗ್ ಅಸೋಸಿಯೇಟ್ ಎಂಬ ಎರಡು ವರ್ಷದ ತರಬೇತಿಯ ಹುದ್ದೆಗೆ ನೋಂದಣಿ ಆರಂಭಿಸಿತು. ಈ ಬಾರಿ ಅದರಿಂದ ಮೇಲಕ್ಕೆ ಏರುವ ದಾರಿಯನ್ನು ಮೊದಲೇ ಇಟ್ಟುಕೊಳ್ಳಲಾಯಿತು.

ಇದರಿಂದ ತಿಳಿಯುವುದೇನು? ಕಿರು ತರಬೇತಿಯ ದೋಷ ಅದರ ಅವಧಿಯಲ್ಲಿಲ್ಲ. ಅದನ್ನು ಏಣಿಯ ಮೊದಲ ಮೆಟ್ಟಿಲಾಗಿ ಇಡದೆ ಗೋಡೆಯಾಗಿ ನಿಲ್ಲಿಸಿದ್ದೇ ದೋಷ.

ನಮ್ಮೂರಿನ ಸಿಸ್ಟರ್

ಈಗ ನಮ್ಮ ದೇಶಕ್ಕೆ ಬರೋಣ. 1943ರಲ್ಲಿ ನೇಮಕವಾದ ಭೋರ್ ಸಮಿತಿ 1946ರಲ್ಲಿ ತನ್ನ ವರದಿ ನೀಡಿದಾಗ ಭಾರತದಲ್ಲಿದ್ದ ದಾದಿಯರು ಸುಮಾರು 7,000 ಮಾತ್ರ. 43,000 ಜನರಿಗೆ ಒಬ್ಬ ದಾದಿ! ಮುಂದೆ 500 ಜನರಿಗೆ ಒಬ್ಬರಿರಬೇಕು ಎಂಬುದು ಸಮಿತಿಯ ಗುರಿ. 1947ರಲ್ಲಿ ಭಾರತೀಯ ನರ್ಸಿಂಗ್ ಪರಿಷತ್ತಿನ ಕಾಯ್ದೆ ಬಂತು. ಪೂರ್ಣಾವಧಿ ತರಬೇತಿಯಿಂದ ಮಾತ್ರ ಈ ಕಂದರ ತುಂಬಲು ಸಾಧ್ಯವಿರಲಿಲ್ಲ. ಹೀಗಾಗಿ 1950ರ ದಶಕದ ಆರಂಭದಲ್ಲಿ ಎರಡು ವರ್ಷದ ಎಎನ್‌ಎಂ ಕೋರ್ಸು ಹುಟ್ಟಿತು. ಹೆರಿಗೆ ಮತ್ತು ತಾಯಿ ಮಕ್ಕಳ ಆರೈಕೆ ಅದರ ತಿರುಳು.

1973ರಲ್ಲಿ ಕರ್ತಾರ್ ಸಿಂಗ್ ಸಮಿತಿ ಹಳ್ಳಿಗಳಲ್ಲಿ ಬೇರೆ ಬೇರೆ ಕಾರ್ಯಕ್ರಮಗಳಿಗೆ ಬೇರೆ ಬೇರೆ ಸಿಬ್ಬಂದಿಯ ಬದಲು ಎಲ್ಲವನ್ನೂ ಮಾಡುವ ವಿವಿಧೋದ್ದೇಶ ಕಾರ್ಯಕರ್ತರು ಬೇಕೆಂದಿತು. ಎಎನ್‌ಎಂ ಮಹಿಳಾ ಆರೋಗ್ಯ ಕಾರ್ಯಕರ್ತೆಯಾದಳು. ಕರ್ನಾಟಕದಲ್ಲಿ ದೀರ್ಘಕಾಲ ಈ ಹುದ್ದೆಗೆ ಕಿರಿಯ ಮಹಿಳಾ ಆರೋಗ್ಯ ಸಹಾಯಕಿ ಎಂಬ ಹೆಸರಿತ್ತು. 1977ರಲ್ಲಿ ಕೋರ್ಸನ್ನು ಒಂದೂವರೆ ವರ್ಷಕ್ಕೆ ಇಳಿಸಲಾಯಿತು. ಕೆಲಸ ಹೆಚ್ಚಿತು, ಕಲಿಕೆಯ ಕಾಲ ಕಡಿಮೆಯಾಯಿತು. ಲಸಿಕೆ, ಕುಟುಂಬ ಯೋಜನೆ, ಮಲೇರಿಯಾ, ಲೆಕ್ಕದ ರಿಜಿಸ್ಟರುಗಳು ಇವೆಲ್ಲದರ ನಡುವೆ ಹೆರಿಗೆ ಮಾಡಿಸುವ ಕೈ ಪಳಗಿಸಲು ಸಮಯ ಉಳಿಯಲಿಲ್ಲ. ಹೆರಿಗೆ ಮಾಡಿಸುವ ಧೈರ್ಯವಿಲ್ಲದ ಎಎನ್‌ಎಂಗಳು ಹೆಚ್ಚಾದರು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಆರಂಭವಾದ ಬಳಿಕ ಕೆಲಸದಲ್ಲಿದ್ದವರಿಗೇ ಮತ್ತೆ ಸುರಕ್ಷಿತ ಹೆರಿಗೆಯ ವಿಶೇಷ ತರಬೇತಿ ಕೊಡಬೇಕಾಯಿತು. ಮುಂದೆ ಕೋರ್ಸು ಪುನಃ ಎರಡು ವರ್ಷದ್ದಾಯಿತು, ಅದರಲ್ಲಿ ಆರು ತಿಂಗಳು ಇಂಟರ್ನ್‌ಶಿಪ್. ವಾರ್ಡಿನ ಗಂಟೆಗಳಲ್ಲಿ ಮಾಡಿದ ಉಳಿತಾಯಕ್ಕೆ ಬೆಲೆ ತೆತ್ತವರು ಬಾಣಂತಿಯರು ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

ಆದರೂ ಈ ಸಿಸ್ಟರುಗಳ ಸಾಧನೆ ಸಣ್ಣದಲ್ಲ. ಬಯಲು ಸೀಮೆಯಲ್ಲಿ 5,000, ಗುಡ್ಡಗಾಡಿನಲ್ಲಿ 3,000 ಜನರಿಗೆ ಒಂದು ಉಪಕೇಂದ್ರ ಎಂಬುದು ನಿಯಮ. ಆ ಉಪಕೇಂದ್ರದ ಜೀವಾಳ ಎಎನ್‌ಎಂ. 2021ರ ಅಕ್ಟೋಬರ್ 21ರಂದು ದೇಶದಲ್ಲಿ ಕೋವಿಡ್ ಲಸಿಕೆಯ 100 ಕೋಟಿ ಡೋಸು ಪೂರ್ಣಗೊಂಡಾಗ, ಹಳ್ಳಿಹಳ್ಳಿಗಳಲ್ಲಿ ಸೂಜಿ ಹಿಡಿದ ಕೈಗಳಲ್ಲಿ ಬಹುಪಾಲು ಇವರದ್ದೇ ಎಂಬುದನ್ನು ನಾವೆಲ್ಲರೂ ಕಣ್ಣಾರೆ ಕಂಡಿದ್ದೇವೆ.

ನೀವು ಕೇಳಬೇಕಾದ ಪ್ರಶ್ನೆಗಳು

ಓದುಗರೇ, ಈ ಚರಿತ್ರೆಯನ್ನು ನಿಮ್ಮ ಮುಂದಿಟ್ಟದ್ದು ಕೇವಲ ಮಾಹಿತಿಗಾಗಿ ಅಲ್ಲ. ಬರುವ ಜೂನ್‌ನಲ್ಲಿ ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಒಬ್ಬ ಹುಡುಗಿ ಇಂಥ ಕೋರ್ಸಿಗೆ ಅರ್ಜಿ ಹಿಡಿದು ನಿಂತಿರಬಹುದು. ಆಗ ಕೆಲವು ಪ್ರಶ್ನೆಗಳನ್ನು ಕೇಳಿ.

ಮೊದಲನೆಯದು, ಈ ಕೋರ್ಸಿಗೆ ಮಾನ್ಯತೆ ಇದೆಯೇ? ಕರ್ನಾಟಕದಲ್ಲಿ 1961ರ ಕಾಯ್ದೆಯಡಿ ದಾದಿಯರ ನೋಂದಣಿ ನಡೆಯುತ್ತ ಬಂದಿದೆ. ರಾಷ್ಟ್ರಮಟ್ಟದಲ್ಲಿ 1947ರ ಕಾಯ್ದೆಯ ಸ್ಥಾನದಲ್ಲಿ ಹೊಸ ಆಯೋಗ ರಚಿಸಲು 2023ರಲ್ಲಿ ಸಂಸತ್ತು ಕಾಯ್ದೆ ಅಂಗೀಕರಿಸಿದೆ. ನೋಂದಣಿಗೆ ಅವಕಾಶವಿಲ್ಲದ ಕೋರ್ಸಿನ ಪ್ರಮಾಣಪತ್ರ ಎಷ್ಟೇ ಬಣ್ಣಬಣ್ಣದ್ದಾಗಿದ್ದರೂ ಅದು ಬರೀ ಕಾಗದ.

ಎರಡನೆಯದು, ಶಾಲೆಗೆ ಆಸ್ಪತ್ರೆ ಎಲ್ಲಿದೆ? ಅಲ್ಲಿ ಎಷ್ಟು ಹಾಸಿಗೆಗಳಿವೆ, ನಿಜವಾಗಿ ರೋಗಿಗಳು ಬರುತ್ತಾರೆಯೇ, ಹೆರಿಗೆ ನಡೆಯುತ್ತದೆಯೇ? ವಾರ್ಡಿನಲ್ಲಿ ವಿದ್ಯಾರ್ಥಿನಿಯ ಜೊತೆ ನಿಂತು ಕಲಿಸುವ ಶಿಕ್ಷಕಿ ಇದ್ದಾರೆಯೇ, ಅಥವಾ ಸಿಬ್ಬಂದಿಯ ಕೊರತೆ ತುಂಬಲು ವಿದ್ಯಾರ್ಥಿನಿಯರನ್ನು ಬಿಟ್ಟಿದ್ದಾರೆಯೇ? ಕಟ್ಟಡ ನೋಡಿ ಸೇರಿಸಬೇಡಿ, ವಾರ್ಡು ನೋಡಿ ಸೇರಿಸಿ. ಸಾಧ್ಯವಾದರೆ ಹಿಂದಿನ ವರ್ಷ ಓದಿದ ಇಬ್ಬರು ಹುಡುಗಿಯರನ್ನು ಮಾತನಾಡಿಸಿ.

ಮೂರನೆಯದು, ಮುಂದಿನ ಮೆಟ್ಟಿಲು ಯಾವುದು? ನೋಂದಾಯಿತ ಎಎನ್‌ಎಂ ಮೂರು ವರ್ಷದ ಜಿಎನ್‌ಎಂ ಓದಬಹುದು. ಜಿಎನ್‌ಎಂ ಮುಗಿಸಿದವರು ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಮಾಡಬಹುದು, ಅಲ್ಲಿಂದ ಎಂಎಸ್ಸಿ. ಗಲ್ಫ್ ದೇಶಕ್ಕೆ ಹೋಗುವ ಆಸೆಯಿದ್ದರೆ ಅಲ್ಲಿ ಯಾವ ಅರ್ಹತೆಗೆ ಯಾವ ಹುದ್ದೆ ಎಂಬುದನ್ನು ಕೋರ್ಸಿಗೆ ಸೇರುವ ಮುನ್ನವೇ ವಿಚಾರಿಸಿ. ವೆಸ್ಟ್ ಇಂಡೀಸಿನ ಆ ಹೆಣ್ಣುಮಕ್ಕಳಿಗೆ ಇದನ್ನು ಹೇಳುವವರಿರಲಿಲ್ಲ. ನಮ್ಮ ಮಕ್ಕಳಿಗೆ ನಾವಿದ್ದೇವೆ.

ಸಂಘದ ಸದಸ್ಯರಲ್ಲಿ ಒಂದು ವಿನಂತಿ. ವಿದ್ಯಾರ್ಥಿವೇತನ ಹಂಚುವಾಗ ಇಂಜಿನಿಯರಿಂಗ್, ಮೆಡಿಕಲ್ ಸೇರಿದ ಮಕ್ಕಳನ್ನು ವೇದಿಕೆಗೆ ಕರೆಯುತ್ತೇವೆ. ಅದು ಸರಿಯೇ. ಅದೇ ವೇದಿಕೆಯಲ್ಲಿ ಎಎನ್‌ಎಂಗೆ ಸೇರಿದ ಹುಡುಗಿಗೂ ಒಂದು ಕುರ್ಚಿ ಇರಲಿ. ಅವಳ ಶುಲ್ಕ ದೊಡ್ಡದಲ್ಲ, ಅವಳ ತಂದೆಗೆ ಅದೇ ದೊಡ್ಡದು.

ಮದೀನಾದಲ್ಲಿ ಗಾಯಾಳುಗಳ ಗುಡಾರಕ್ಕೆ ಮಸೀದಿಯಲ್ಲೇ ಜಾಗವಿತ್ತು. ನಮ್ಮ ಮನೆ ಮನಸ್ಸುಗಳಲ್ಲಿ ಆ ಕೆಲಸಕ್ಕೆ ಎಷ್ಟು ಜಾಗವಿದೆ ಎಂಬುದನ್ನು ನಾವೇ ಕೇಳಿಕೊಳ್ಳಬೇಕು. ಮಗಳು "ನಾನು ನರ್ಸಿಂಗ್ ಓದುತ್ತೇನೆ" ಎಂದಾಗ ಮಾತು ನಿಲ್ಲಿಸಬೇಡಿ. "ಯಾವ ಆಸ್ಪತ್ರೆಯಲ್ಲಿ ಕಲಿಸುತ್ತಾರೆ?" ಎಂದು ಕೇಳಿ. ಮಾತು ಅಲ್ಲಿಂದ ಮುಂದುವರಿಯಲಿ.